ವಿತ್‌ಡ್ರಾ ಉಚ್ಚಂಗೆಪ್ಪನವರು

ಉಚ್ಚಂಗೆಪ್ಪನವರಿಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಒಂದು ಕ್ರಿಯಾಪದ. ಆದರೆ ಆ ಒಂದನ್ನು ಅವರು ದುಡಿಸಿಕೊಂಡಷ್ಟು, ಆ ಭಾಷೆ ಹುಟ್ಟಿದ ದೇಶದಲ್ಲೂ ಯಾರೂ ದುಡಿಸಿಕೊಂಡಿರಲಾರರು. ಚನ್ನಗಿರಿಯ ಪೇಟೆ ಬೀದಿಯಲ್ಲಿ ಅವರ ಜವಳಿ ಅಂಗಡಿ. ಅಂಗಡಿಯ ಹಲಗೆಯ ಮೇಲಿದ್ದ ಹೆಸರು ಒಂದು, ಊರವರ ಬಾಯಲ್ಲಿದ್ದ ಹೆಸರು ಇನ್ನೊಂದು. ಉಬ್ರಾಣಿಯಿಂದ ಗಾಡಿ ಕಟ್ಟಿಕೊಂಡು ಬಂದ ಹೊಸಬರು ಕೂಡ ‘ವಿತ್‌ಡ್ರಾ ಉಚ್ಚಂಗೆಪ್ಪನ ಅಂಗಡಿ ಎಲ್ಲೈತ್ರೀ’ ಎಂದೇ ಕೇಳುತ್ತಿದ್ದರು. ಈ ಹೆಸರು ತಮಾಷೆಗೆ ಇಟ್ಟದ್ದೆಂದು ಅವರಿಗೆ ಯಾರೂ ಹೇಳಿರಲಿಲ್ಲ; ಹೇಳಿದ್ದರೂ ಅವರು ನಂಬುತ್ತಿರಲಿಲ್ಲ. ರಾವ್ ಬಹದ್ದೂರ್ ಎಂಬುದು ಸರ್ಕಾರ ಕೊಡುವ ಬಿರುದು, ವಿತ್‌ಡ್ರಾ ಎಂಬುದು ಜನ ಕೊಟ್ಟದ್ದು ಎಂದು ಅವರ ಲೆಕ್ಕ.

ಹುಟ್ಟಿದ್ದು ಜಗಳೂರು. ಮಾಧ್ಯಮಿಕ ಶಾಲೆಯ ಕೊನೆಯ ಮೆಟ್ಟಿಲಲ್ಲಿ ಓದು ನಿಂತಿತು. ನ್ಯಾಮತಿಯ ಜವಳಿ ವ್ಯಾಪಾರಿಯೊಬ್ಬರ ಮಗಳು ಸರ್ವಮಂಗಳಮ್ಮನನ್ನು ಮದುವೆಯಾದರು. ಮಾವನವರು ಚನ್ನಗಿರಿಯಲ್ಲಿದ್ದ ಅಂಗಡಿಯನ್ನೂ ಅದಕ್ಕೆ ಹೊಂದಿದ ಮನೆಯನ್ನೂ ಮಗಳಿಗೆ ಬಿಟ್ಟು ಕಣ್ಮುಚ್ಚಿದರು. ಅಂಗಡಿಯಲ್ಲಿ ಬಟ್ಟೆ ಬಿಚ್ಚುವುದು, ಅಳೆಯುವುದು, ಹರಿಯುವುದು, ಗಿರಾಕಿಯ ಜೊತೆ ಜಗಳವಾಡುವುದು, ಇಷ್ಟೂ ಸರ್ವಮಂಗಳಮ್ಮನ ಪಾಲು. ಉಳಿದದ್ದು ಉಚ್ಚಂಗೆಪ್ಪನವರದು. ಅಂದರೆ ಅವರು ಗಾದಿಯ ಮೇಲೆ ಕೂತಿರುತ್ತಿದ್ದರು.

ಆ ಇಂಗ್ಲಿಷ್ ಮಾತು ಅವರಿಗೆ ಸಿಕ್ಕಿದ್ದು ಹೊನ್ನಾಳಿ ಸಂತೆಯಲ್ಲಿ. ಒಂದು ವಾರ ಅಲ್ಲಿ ಸೀರೆ ಹರವಿಕೊಂಡು ಕೂತಿದ್ದಾಗ, ಗಾದ್ರಮ್ಮ ಎಂಬ ಮುದುಕಿಯ ಆಡು ಬಂದು ಒಂದು ಇಳಕಲ್ ಸೀರೆಯ ಸೆರಗನ್ನು ತಿಂದುಬಿಟ್ಟಿತು. ಅಂದು ಅಮಲ್ದಾರರೊಬ್ಬರು ಅಲ್ಲಿ ಕ್ಯಾಂಪು ಹಾಕಿದ್ದರು. ಉಚ್ಚಂಗೆಪ್ಪನವರು ನೇರ ಹೋಗಿ ದೂರು ಕೊಟ್ಟರು. ಮುದುಕಿ ಅತ್ತಳು, ಸಂತೆಯ ಹತ್ತು ಜನ ಸುತ್ತ ನಿಂತು ‘ಹೋಗ್ಲಿ ಬಿಡ್ರಿ ಸಾವ್ಕಾರ್ರೆ, ಮೂಕ ಪ್ರಾಣಿ’ ಎಂದು ಕೈ ಮುಗಿದರು. ಉಚ್ಚಂಗೆಪ್ಪನವರು ಎರಡು ಸಲ ಆಗುವುದಿಲ್ಲವೆಂದರು, ಮೂರನೆಯ ಸಲಕ್ಕೆ ಬಿಟ್ಟೆ ಎಂದರು. ಬೇಗ ಊಟಕ್ಕೆ ಏಳಬೇಕಾಗಿದ್ದ ಅಮಲ್ದಾರರಿಗೆ ಎಷ್ಟು ಸಂತೋಷವಾಯಿತೆಂದರೆ ಕುರ್ಚಿಯಿಂದ ಎದ್ದು ಅವರ ಕೈ ಕುಲುಕಿ, ‘ಯೂ ಹ್ಯಾವ್ ವಿತ್‌ಡ್ರಾನ್. ವೆರಿ ಗುಡ್, ವೆರಿ ಗುಡ್’ ಎಂದುಬಿಟ್ಟರು.

ಮನೆಗೆ ಬಂದು ಈ ಸುದ್ದಿ ಹೇಳಿದಾಗ ಸರ್ವಮಂಗಳಮ್ಮ ಕೇಳಿದ್ದು ಇಷ್ಟೇ: “ಆಡು ಸೆರಗು ತಿಂತು, ನೀವು ಕೈ ಕುಲುಕಿಸ್ಕಂಡು ಬಂದ್ರಿ. ಸೆರಗಿಲ್ಲದ ಸೀರೆ ಯಾರಿಗೆ ಮಾರಾದು?”

“ನಿನಗೆ ಇದರ ಬೆಲೆ ತಿಳಿಯಾದಿಲ್ಲ” ಎಂದರು ಅವರು. “ಕೇಸು ಗೆದ್ದೋರಿಗೆ ಯಾರಾದ್ರೂ ಕೈ ಕೊಟ್ಟಿದ್ದು ನೋಡಿದ್ದೀಯಾ?”

ಅಂದಿನಿಂದ ಅವರು ಹಿಂದೆಗೆದುಕೊಳ್ಳುವುದಕ್ಕೆಂದೇ ಮುಂದೆ ಬರತೊಡಗಿದರು. ಜಗಳೂರಿನಲ್ಲಿ ತಂಗಿಯ ಮಗಳ ಮದುವೆಗೆ ಹೋದಾಗ, ತಮ್ಮನ್ನು ಕರೆದ ರೀತಿ ಸರಿಯಿಲ್ಲವೆಂದು ಪಂಕ್ತಿಗೆ ಏಳದೆ ಕಂಬಕ್ಕೊರಗಿ ಕೂತರು. ಬೀಗರು ಬಂದು ಕರೆದರು, ಏಳಲಿಲ್ಲ. ತಂಗಿ ಬಂದಳು, ಏಳಲಿಲ್ಲ. ಮದುಮಗನೇ ಬಾಸಿಂಗ ಕಟ್ಟಿಕೊಂಡು ಬಂದು ನಿಂತಾಗ, ‘ಅಬ್ಜೆಕ್ಷನ್ ವಿತ್‌ಡ್ರಾ’ ಎಂದು ಎದ್ದು ಎರಡು ಸಲ ಹೋಳಿಗೆ ಹಾಕಿಸಿಕೊಂಡರು. ನ್ಯಾಮತಿಯಲ್ಲಿ ಹೆಂಡತಿಯ ತವರು ಮನೆಯ ಗೋಡೆ ಪಕ್ಕದವರ ಜಾಗಕ್ಕೆ ಒಂದು ಗೇಣು ಬಂದಿದೆಯೆಂದು ಪಕ್ಕದವರು ಸುಮ್ಮನಿದ್ದರೂ ಇವರೇ ತಕರಾರು ಎತ್ತಿ, ಪಂಚಾಯ್ತಿ ಸೇರಿಸಿ, ಕೊನೆಗೆ ವಿತ್‌ಡ್ರಾ ಮಾಡಿದರು. ಗೋಡೆ ಇದ್ದಲ್ಲೇ ಇತ್ತು. ಪಂಚಾಯ್ತಿಗೆ ಬಂದವರಿಗೆ ಅವಲಕ್ಕಿ, ಕಾಫಿ ಮಾಡಿ ಸರ್ವಮಂಗಳಮ್ಮನ ಅಣ್ಣನ ಹೆಂಡತಿಗೆ ಸೊಂಟ ಹಿಡಿದಿತ್ತು.

ಈ ಕ್ರಿಯಾಪದಕ್ಕೆ ಅವರಲ್ಲಿ ದೊಡ್ಡ ಶಾಸ್ತ್ರವೇ ಇತ್ತು. ರಂಗಣ್ಣನ ಕಾಫಿ ಹೋಟೆಲಿನ ಬೆಂಚಿನ ಮೇಲೆ ಅದನ್ನು ಬಿಡಿಸಿ ಹೇಳುತ್ತಿದ್ದರು.

“ನೋಡು ರಂಗಣ್ಣ, ಹೆದರಿ ಓಡೋದು ಬೇರೆ. ಸೋತು ಹಿಂದಕ್ಕೆ ಬರಾದು ರಿಟ್ರೀಟು. ಗೆಲ್ಲೋ ತಾಕತ್ತು ಇಟ್ಕಂಡು, ಜನ ಬಂದು ಕೇಳಿದ್ರು ಅಂತ ಹಿಂದೆ ಸರಿಯಾದು ವಿತ್‌ಡ್ರಾ. ಕೇಳ್ದೆ ಸರಿದ್ರೆ ಅದು ವಿತ್‌ಡ್ರಾ ಅಲ್ಲ.”

“ಅಂಚೆ ಕಚೇರ್‍ಯಾಗೂ ಅದೇ ಮಾತು ಅಂತಾರಲ್ರೀ, ಇಟ್ಟ ದುಡ್ಡು ತೆಗೆಯಾಕೆ?”

“ಅದು ಗುಮಾಸ್ತರ ವಿತ್‌ಡ್ರಾ” ಎಂದು ಉಚ್ಚಂಗೆಪ್ಪನವರು ಕೈ ಬೀಸಿ ತಳ್ಳಿಹಾಕಿದರು. “ಇಂಗ್ಲೆಂಡಿನಾಗೆ ದೊಡ್ಡ ಮನೆಗಳಲ್ಲಿ ಊಟ ಆದಮ್ಯಾಲೆ ಹೆಂಗಸರು ಎದ್ದು ಒಳಕೋಣೆಗೆ ಹೋಗ್ತಾರಂತೆ, ಅದಕ್ಕೂ ಇದೇ ಮಾತು. ಗೌರವದ ಮಾತು.”

ಮನೆಗೆ ಜನ ಬಂದಾಗ ಅವರು ಈ ಕೊನೆಯ ಅರ್ಥವನ್ನು ಹೆಂಡತಿಯ ಮೇಲೆ ಪ್ರಯೋಗಿಸಿಯೂ ನೋಡಿದರು. “ನೀನು ಸ್ವಲ್ಪ ವಿತ್‌ಡ್ರಾ ಆಗು” ಎಂದರೆ, ಸರ್ವಮಂಗಳಮ್ಮ “ಗಜಕೋಲು ನೀವು ಹಿಡೀತೀರಾ ಹಂಗಾರೆ?” ಎಂದು ಕೇಳಿದಳು. ಆ ಅರ್ಥ ಅಲ್ಲಿಗೆ ಬಳಕೆ ತಪ್ಪಿತು.

ಮೂವತ್ತನಾಲ್ಕರ ಸುಮಾರಿಗೆ ಮುನಿಸಿಪಾಲಿಟಿ ಚುನಾವಣೆ ಬಂತು. ಬಾವಿ ಓಣಿಯೂ ಪೇಟೆ ಬೀದಿಯೂ ಸೇರಿದ ವಾರ್ಡಿಗೆ ಒಂದೇ ಸ್ಥಾನ. ದಲ್ಲಾಳಿ ಬೋರಣ್ಣ ನಿಂತಿದ್ದ. ಉಚ್ಚಂಗೆಪ್ಪನವರೂ ಅರ್ಜಿ ಹಾಕಿದರು. ಇವರಿಗೆ ಬೀಳುವ ಓಟು ಎಷ್ಟೆಂಬುದು ಊರಿಗೆಲ್ಲ ಗೊತ್ತಿತ್ತು, ಗೊತ್ತಿಲ್ಲದವರು ಅವರೊಬ್ಬರೇ. ಮನೆಯೊಡತಿಯಾಗಿ ಸರ್ವಮಂಗಳಮ್ಮನಿಗೂ ಓಟಿತ್ತು. ಅದು ಯಾರಿಗೆ ಎಂದು ಗಂಡ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪಾಪ, ಮನುಷ್ಯ ಸುಮ್ಮನೆ ನಗೆಪಾಟಲಾಗುತ್ತಾನೆ ಎಂದು ರಂಗಣ್ಣನೇ ನಾಲ್ಕು ಜನರನ್ನು ಕಟ್ಟಿಕೊಂಡು ಅವರ ಜಗಲಿಗೆ ಹೋದ. ಊರಿನ ಒಗ್ಗಟ್ಟು, ಹಿರಿಯರ ದೊಡ್ಡ ಮನಸ್ಸು ಎಂದೆಲ್ಲ ಮಾತಾಡಿ ಕೈ ಮುಗಿದ.

ಉಚ್ಚಂಗೆಪ್ಪನವರು ಒಪ್ಪಲಿಲ್ಲ. ಜನ ಮರುದಿನ ನಿಂಬೆಹಣ್ಣು ಹಿಡಿದು ಬಂದರು. ಆಗಲೂ ಒಪ್ಪಲಿಲ್ಲ. ಮೂರನೆಯ ಸಲ ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಇಟ್ಟುಕೊಂಡು ಬಂದು ಹೊಸ್ತಿಲ ಒಳಗೆ ಇಟ್ಟರು. ಉಚ್ಚಂಗೆಪ್ಪನವರು ನಿಟ್ಟುಸಿರು ಬಿಟ್ಟು ಎದ್ದರು.

“ಹೊಸ್ತಿಲು ದಾಟಿ ತಾಂಬೂಲ ಬಂತು. ಇನ್ನು ಇಲ್ಲ ಅನ್ನಾಕೆ ನಾನ್ಯಾರು” ಎಂದರು.

ಕಾಲು ತೊಳೆದು, ಜರಿ ರುಮಾಲು ಸುತ್ತಿ, ಕೋಟು ಹಾಕಿಕೊಂಡು, ಜನರ ನಡುವೆ ನಡೆದು ಕಚೇರಿಗೆ ಹೋಗಿ ಅರ್ಜಿ ಹಿಂದೆ ತೆಗೆದುಕೊಂಡರು. ವಾಪಸು ಬರುವಾಗ ಕೊರಳಲ್ಲಿ ಹಾರ. ಜಗಲಿಯ ಮೇಲೆ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಾಫಿ. ನಡುವೆ ಒಂದು ಭಾಷಣ: “ನಾನು ಗೆದ್ದಿದ್ರೆ ಸೂಳೆಕೆರೆ ನೀರನ್ನೇ ಬಾವಿ ಓಣಿಗೆ ತರ್ತಿದ್ದೆ. ಇರ್ಲಿ. ಬೋರಣ್ಣ ತಂದ್ರೂ ಒಂದೇ.” ಬೋರಣ್ಣ ತರಲಿಲ್ಲ. ಆದರೆ ಆ ಮಾತು ಓಣಿಯಲ್ಲಿ ಉಳಿಯಿತು.

ಮುಂದಿನ ಚುನಾವಣೆಗೂ ಹೀಗೇ ಆಯಿತು, ಅದರ ಮುಂದಿನದಕ್ಕೂ ಹೀಗೇ. ಆ ಹೊತ್ತಿಗೆ ಇದು ಆ ವಾರ್ಡಿನ ಕಟ್ಟುಕಟ್ಟಳೆಯೇ ಆಗಿಬಿಟ್ಟಿತ್ತು. ಎದುರಾಳಿಯ ಮನೆಯಿಂದ ತಾಂಬೂಲದ ತಟ್ಟೆ ಬಂದು ಹೊಸ್ತಿಲು ದಾಟಿತೆಂದರೆ, ದಯವಿಟ್ಟು ಹಿಂದೆ ಸರಿಯಿರಿ ಎಂದು ಅರ್ಥ. ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಂದ ತಟ್ಟೆಯನ್ನು ತಿರುಗಿಸಿ ಕಳಿಸುವಂತಿಲ್ಲ. ಬೇರೆ ವಾರ್ಡಿನವರು ಇದನ್ನು ನೋಡಿ ನಗುತ್ತಿದ್ದರು. ಬಜ್ಜಿ ತಿನ್ನಲು ಮಾತ್ರ ತಪ್ಪದೆ ಬರುತ್ತಿದ್ದರು.

ಯುದ್ಧ ಬಂತು. ಪೆಟ್ರೋಲ್ ಸಿಗದೆ ಇದ್ದಿಲಿನ ಮೇಲೆ ಓಡುತ್ತಿದ್ದ ಬಸ್ಸಿನಲ್ಲಿ ಶಿವಮೊಗ್ಗದ ಕಡೆಯಿಂದ ಪತ್ರಿಕೆ ಬರುತ್ತಿದ್ದದ್ದೇ ತಡ, ಉಚ್ಚಂಗೆಪ್ಪನವರು ಗಾದಿಯ ಮೇಲೆ ಅದನ್ನು ಹರವಿಕೊಳ್ಳುತ್ತಿದ್ದರು. ಇಂಗ್ಲಿಷರು ಮಲಯದಿಂದ ಹಿಂದೆ ಸರಿದರು, ಬರ್ಮಾದಿಂದ ಸರಿದರು. ಮೊದಲೇ ಗೊತ್ತುಮಾಡಿಕೊಂಡ ಜಾಗಕ್ಕೆ ಸೈನ್ಯ ವಿತ್‌ಡ್ರಾ ಆಗಿದೆಯೆಂದು ಪತ್ರಿಕೆಯಲ್ಲಿ ಬಂದ ದಿನ ಅವರಿಗೆ ತಮ್ಮ ಶಾಸ್ತ್ರಕ್ಕೆ ಚಕ್ರವರ್ತಿಯ ಮುದ್ರೆ ಬಿದ್ದಂತಾಯಿತು. ಜಪಾನಿನವರು ತಾಂಬೂಲ ಕೊಟ್ಟಿದ್ದರೇ ಎಂದು ರಂಗಣ್ಣ ಕೇಳಿದ. ಉಚ್ಚಂಗೆಪ್ಪನವರು ಪತ್ರಿಕೆಯ ಹಾಳೆ ತಿರುವಿದರು. ನಲವತ್ತೆರಡರಲ್ಲಿ ಊರ ಹುಡುಗರೆಲ್ಲ ಬಿಳಿಯರು ಹೊರಡಲಿ ಎಂದು ಕೂಗುತ್ತ ಪೇಟೆ ಬೀದಿಯಲ್ಲಿ ಮೆರವಣಿಗೆ ಹೊರಟಾಗ, ಅವರು ಜಗಲಿಯ ಮೇಲೆ ನಿಂತು, “ದೇಶ ಈಗ ಕೇಳ್ತಿರಾದು ಇದನ್ನೇ. ನಾನು ಇಲ್ಲಿ ಮೂವತ್ತನಾಲ್ಕರಾಗೇ ಮಾಡಿ ತೋರ್ಸಿದ್ದೆ” ಎಂದರು. ಹುಡುಗರು ಇಳಿದು ಬರ್ರಿ ಮೆರವಣಿಗೆಗೆ ಎಂದು ಕರೆದಾಗ ಅಂಗಡಿಯ ಬಾಗಿಲು ಹಾಕಿಕೊಂಡರು. ಆ ಕ್ರಿಯೆಗೆ ಅವರ ಶಾಸ್ತ್ರದಲ್ಲಿ ಯಾವ ಹೆಸರಿತ್ತೋ ತಿಳಿಯದು.

ಯುದ್ಧ ಮುಗಿಯುತ್ತ ಬಂದ ವರ್ಷ ಮತ್ತೆ ಚುನಾವಣೆ ಬಂತು. ಬೋರಣ್ಣ ಸಾಕಾಗಿ ಮನೆಯಲ್ಲಿ ಕೂತಿದ್ದ. ಈ ಸಲ ನಿಂತವನು ಬಾವಿ ಓಣಿಯ ಸುಬಾನಸಾಬ. ತಗಡಿನ ಕೆಲಸದವನು; ಲಾಟೀನು, ಚಿಮಣಿ ಬುಡ್ಡಿ, ಎಣ್ಣೆ ಹೊಯ್ಯುವ ಲಾಳಿಕೆ, ಮದುವೆ ಹೆಣ್ಣಿನ ತಗಡಿನ ಪೆಟ್ಟಿಗೆ ಎಲ್ಲ ಮಾಡುತ್ತಿದ್ದ. ಅವನು ನಿಂತದ್ದು ಒಂದೇ ಕಾರಣಕ್ಕೆ. ಬಾವಿಗೆ ಹೋಗುವ ತಿರುವಿನಲ್ಲಿ ದೀಪ ಇರಲಿಲ್ಲ, ಚರಂಡಿ ಇತ್ತು. ಮುಚ್ಚಂಜೆ ಹೊತ್ತಿಗೆ ನೀರಿಗೆ ಹೋದ ದುರುಗಕ್ಕ ಅದರಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಅಲ್ಲೊಂದು ದೀಪದ ಕಂಬ ಹಾಕಿಸಬೇಕು, ಅಷ್ಟು. ಓಣಿಯ ಓಟೆಲ್ಲ ಅವನದೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಉಚ್ಚಂಗೆಪ್ಪನವರು ಎಂದಿನಂತೆ ಅರ್ಜಿ ಹಾಕಿದರು. ಜಗಲಿಯ ಮೇಲೆ ಜಮಖಾನ ಹಾಸಿಸಿ, ರುಮಾಲಿಗೆ ಗಂಜಿ ಹಾಕಿಸಿ, ಕಾದರು. ಮೊದಲನೆಯ ದಿನ ಯಾರೂ ಬರಲಿಲ್ಲ. ಅದು ಸರಿಯೇ, ಜನಕ್ಕೂ ಸಂಕೋಚ ಇರುತ್ತದೆ. ಮರುದಿನ ಇಬ್ಬರು ಬಂದರು. ಅವರು ರೇಷನ್ನಿನ ಕಂಟ್ರೋಲ್ ಬಟ್ಟೆ ಬಂದಿದೆಯೇ ಎಂದು ಕೇಳಲು ಬಂದವರು. ಅದರ ಮರುದಿನವೂ ಜಮಖಾನ ಹಾಸಿದಂತೆಯೇ ಇತ್ತು. ಬೆಕ್ಕು ಮರಿ ಹಾಕುವ ಜಾಗ ಹುಡುಕುತ್ತ ಅದರ ಮೇಲೆ ಓಡಾಡಿತು.

ಅವರು ರಂಗಣ್ಣನ ಹೋಟೆಲಿಗೆ ಹೋದರು.

“ಏನ್ ರಂಗಣ್ಣ, ಈ ಸಲ ಊರಿನ ಒಗ್ಗಟ್ಟು ಗಿಗ್ಗಟ್ಟು ಏನೂ ಯೋಚ್ನೆ ಇಲ್ಲೇನು?”

ರಂಗಣ್ಣ ಲೋಟ ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ. “ಅದ್ಯಾಕ್ರೀ, ನೀವು ಹೆಂಗೂ ಬಿಡೋರೇ ಅಲ್ಲೇನು? ಬಿಡೋರನ್ನ ಬಿಡ್ರಿ ಅಂತ ಕೇಳಾಕೆ ಜನ ಕಟ್ಕಂಡು ಮೂರು ಮೂರು ಸಲ ಬರಬೇಕಾ? ಜನಕ್ಕೆ ಈಗ ಸಕ್ಕರೆ ಸಾಲು, ಸೀಮೆಎಣ್ಣೆ ಸಾಲು, ನಿಮ್ಮಂಗಡಿ ಮುಂದೆ ಬಟ್ಟೆ ಸಾಲು. ನಿಂತು ನಿಂತು ಮಂಡಿ ಹೋಗ್ಯಾವೆ.”

“ಕೇಳ್ದೆ ಬಿಟ್ರೆ ಅದು ರಿಟ್ರೀಟು ಆಗ್ತೈತೆ.”

“ಆಗ್ಲಿ ಬಿಡ್ರಿ. ಅದೂ ಇಂಗ್ಲಿಷೇ ಅಲ್ಲೇನು.”

ಉಚ್ಚಂಗೆಪ್ಪನವರ ಸಂಕಟ ಈಗ ಶುರುವಾಯಿತು. ಕೇಳದೆ ಹಿಂದೆ ಸರಿದರೆ, ಹತ್ತು ವರ್ಷ ತಾವೇ ಬೆಂಚಿನ ಮೇಲೆ ಕೂತು ಹೇಳಿದ ಶಾಸ್ತ್ರದ ಪ್ರಕಾರ ಓಡಿಹೋದಂತೆ. ಸರಿಯದೆ ನಿಂತರೆ ಓಟು ಎಣಿಸುತ್ತಾರೆ. ಗಾದಿಯ ಮೇಲೆ ಕೂತು ವಾರ್ಡಿನ ಒಂದೊಂದೇ ಮನೆಯನ್ನು ನೆನೆಸಿಕೊಂಡು ಮನಸ್ಸಿನಲ್ಲೇ ಎಣಿಸಿದರು. ಕೊನೆಗೆ ಸ್ವಂತ ಮನೆಗೆ ಬಂದು, ಒಳಗೆ ಬಟ್ಟೆ ಅಳೆಯುತ್ತಿದ್ದ ಹೆಂಡತಿಯ ಕಡೆ ನೋಡಿ, ಎಣಿಕೆ ನಿಲ್ಲಿಸಿದರು. ಹೊನ್ನಾಳಿಯ ಅಮಲ್ದಾರರು ಕುಲುಕಿದ ಬಲಗೈ ತಣ್ಣಗಾದಂತೆ ತೋರಿತು.

ಹಿಂದೆ ಸರಿಯಲು ಕೊನೆಯ ದಿನ ಬೆಳಿಗ್ಗೆ, ಮನೆಯ ಚೆನ್ನಾಗಿದ್ದ ಲಾಟೀನೊಂದನ್ನು ಕೈಯಲ್ಲಿ ಹಿಡಿದು ಸುಬಾನಸಾಬನ ಅಂಗಡಿಗೆ ತಾವೇ ಹೋದರು.

“ಬರ್ರಿ ಸಾವ್ಕಾರ್ರೆ, ಕೂರ್ರಿ. ಏನಾಗೈತೆ ಇದಕ್ಕೆ?”

“ಸೋರ್ತೈತೆ ಅಂತ ಮನ್ಯಾಗೆ ಅಂದ್ರು ಸಾಬ್ರೆ.”

ಸುಬಾನಸಾಬ ಬುಡ ಮೇಲು ಮಾಡಿ ನೋಡಿದ, ಬೆರಳು ಆಡಿಸಿ ಮೂಸಿ ನೋಡಿದ. “ಸೋರಾದಿಲ್ಲಲ್ರೀ.”

“ಒಳಗೊಳಗೆ ಸೋರ್ತಿರಬೌದು.” ಉಚ್ಚಂಗೆಪ್ಪನವರು ಕೆಮ್ಮಿದರು. “ಮತ್ತೇನು, ಎಲೆಕ್ಷನ್ನು ಬಂತು.”

“ಬಂತ್ರೀ.”

“ಇಬ್ರೂ ನಿಂತೀವಿ.”

“ಹೌದ್ರೀ. ನೀವೇ ನಿಂತಿದ್ದು ಕೇಳಿ ನನಗೆ ಬಾಳ ಧೈರ್ಯ ಬಂತು.”

“ಧೈರ್ಯ ಯಾಕೆ?”

“ನೀವು ನಿಂತ್ರಿ ಅಂದ್ರೆ ಎದುರಿಗೆ ಯಾರೂ ಇಲ್ಲ ಅಂತಾನೇ ಅಲ್ಲೇನ್ರೀ” ಎಂದ ಸುಬಾನಸಾಬ. ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಕೊಂಕಿದ್ದರೆ ಉಚ್ಚಂಗೆಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಅಲ್ಲ ಸಾಬ್ರೆ, ನಿಮಗೆ ನನ್ನ ಹತ್ರ ಏನಾದ್ರೂ ಕೇಳಾದು ಇದ್ರೆ, ಸಂಕೋಚ ಪಡಬ್ಯಾಡ್ರಿ.”

“ಐತ್ರೀ. ಕೇಳಬೇಕು ಅಂತಿದ್ದೆ.”

ಉಚ್ಚಂಗೆಪ್ಪನವರು ಬೆನ್ನು ನೆಟ್ಟಗೆ ಮಾಡಿ ಕೂತರು.

“ಅಟ್ಟದ ಮ್ಯಾಲೆ ಹಳೇ ಸೀಮೆಎಣ್ಣೆ ಡಬ್ಬ ಇದ್ರೆ ಕೊಡ್ರಿ. ಯುದ್ಧ ಬಂದಾಗಿಂದ ತಗಡೇ ಸಿಗವಲ್ದು.”

ಮನೆಗೆ ಬಂದ ಉಚ್ಚಂಗೆಪ್ಪನವರು ಊಟಕ್ಕೆ ಕೂರಲಿಲ್ಲ. ಜೋಳದ ರೊಟ್ಟಿ ತಟ್ಟೆಯಲ್ಲಿ ಒಣಗಿತು. ಸರ್ವಮಂಗಳಮ್ಮ ಗಂಡನನ್ನು ಸಾಕಷ್ಟು ಆಡಿಕೊಂಡವಳೇ. ಆದರೆ ಊರಿನವರು ಓಟೆಣಿಸಿ ಆಡಿಕೊಳ್ಳುವುದು ಬೇರೆ. ಮೂರನೆಯ ಸಲ ರೊಟ್ಟಿ ಬಿಸಿ ಮಾಡಿದಾಗ ಅವಳಿಗೂ ತಡೆಯಲಿಲ್ಲ. ಸುಬಾನಸಾಬನ ಹೆಂಡತಿ ತಾಜ್‌ಬೀ ಅವಳಿಗೆ ಬಹಳ ದಿನದ ಪರಿಚಯ. ಕುಪ್ಪಸದ ಬಟ್ಟೆ ಇವರಲ್ಲೇ ಕೊಳ್ಳುವವಳು. ಅವಳ ಕಿವಿಗೆ ಒಂದು ಮಾತು ಹಾಕಿದರೆ, ಸಂಜೆಯೊಳಗೆ ಅವಳ ಗಂಡ ನಾಲ್ಕು ಜನರ ಜೊತೆ ಬಂದು ಕೇಳಿಯಾನು, ಇವರು ಬಿಟ್ಟಾರು, ಮನೆಯಲ್ಲಿ ಒಲೆ ಉರಿದೀತು. ಇಷ್ಟು ಯೋಚಿಸಿ ಹೊರಟಳು.

ಇನ್ನೊಬ್ಬರ ಮನೆಗೆ ಬರಿಗೈಯಲ್ಲಿ ಹೋಗಿ ಅಭ್ಯಾಸವಿಲ್ಲದವಳು. ಕೈಗೆ ಸಿಕ್ಕ ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ, ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು ಇಟ್ಟು ಮೇಲೊಂದು ಬಟ್ಟೆ ಮುಚ್ಚಿದಳು. ಬಾವಿ ಓಣಿಗೆ ನಡೆದು, ತಟ್ಟೆಯನ್ನು ತಾಜ್‌ಬೀಯ ಹೊಸ್ತಿಲ ಒಳಗೆ ಇಟ್ಟು ಕೂತಳು.

“ಬರ್ರಿ ಅಕ್ಕಾರೆ. ಏನ್ರೀ ಇಷ್ಟು ಬಿಸಿಲಾಗೆ?” ಎಂದ ತಾಜ್‌ಬೀ ತಟ್ಟೆಯನ್ನು ನೋಡಿ ಸೆರಗನ್ನು ತಲೆಯ ಮೇಲೆಳೆದುಕೊಂಡಳು.

“ನಮ್ಮನೇರು ಬೆಳಿಗ್ಗಿಂದ ಒಂದು ತುತ್ತು ಉಂಡಿಲ್ಲ ತಾಜಮ್ಮ.”

“ಹುಷಾರಿಲ್ಲೇನ್ರೀ?”

“ಹುಷಾರಿಗೇನಾಗೈತೆ. ಈ ಎಲೆಕ್ಷನ್ನಿಂದು. ಅವರ ಮಾನ ಈಗ ನಿಮ್ಮೋರ ಕೈಯಾಗೈತೆ.”

“ನಮ್ಮೋರ ಕೈಯಾಗೆ ಏನೈತೆ ಅಕ್ಕಾರೆ.”

“ಎಲ್ಲ ಬಾಯಿಬಿಟ್ಟು ಹೇಳಂಗಿದ್ರೆ ನಾನ್ಯಾಕೆ ಬರ್ತಿದ್ದೆ. ಇಬ್ರೂ ಹಿಂಗೆ ನಿಂತ್ಕಂಡ್ರೆ ನಮ್ಮ ಮನ್ಯಾಗೆ ಬದುಕು ನಡೆಯಾದಿಲ್ಲ. ಒಬ್ರು ಹಿಂದೆ ಸರೀಬೇಕು. ಕಚೇರಿ ಬಾಗಿಲು ಹಾಕಾದ್ರೊಳಗೆ ಆಗಬೇಕು. ನಿಮ್ಮನೇರಿಗೆ ಹೇಳು, ಅವರಿಗೆ ತಿಳೀತೈತೆ.”

“ಹೇಳ್ತೀನ್ರೀ” ಎಂದಳು ತಾಜ್‌ಬೀ, ಬಹಳ ಮೆತ್ತಗೆ.

ಸುಬಾನಸಾಬ ಊಟಕ್ಕೆ ಬಂದವನು ಮೊದಲು ಕಂಡದ್ದು ತಟ್ಟೆಯನ್ನು. ಬಟ್ಟೆ ಸರಿಸಿ ನೋಡಿದ. ಹೆಂಡತಿಯ ಮುಖ ನೋಡಿದ.

“ಯಾರು ತಂದಿದ್ದು?”

“ವಿತ್‌ಡ್ರಾ ಸಾವ್ಕಾರ್ರ ಮನೇರು. ಒಬ್ರೇ ಬಂದಿದ್ರು. ಒಬ್ರು ಹಿಂದೆ ಸರೀಬೇಕು ಅಂದ್ರು.”

“ನೀನು ಒಳಗೆ ಇಡಿಸ್ಕಂಡ್ಯಾ?”

“ಅವರೇ ಇಟ್ರು. ತಗಂಡು ಹೋಗ್ರಿ ಅನ್ನಾಕೆ ಆಗ್ತೈತೇನು?”

“ಆಗಾದಿಲ್ಲ.” ಸುಬಾನಸಾಬ ಕೂತು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಬೆಳಿಗ್ಗೆ ಸೋರದ ಲಾಟೀನು ತಂದು ಅಷ್ಟು ಹೊತ್ತು ಕೂತದ್ದು ಏಕೆಂದು ಈಗ ಅವನಿಗೆ ಅರ್ಥವಾಯಿತು. “ಪಾಪ, ತಾವೇ ಕೇಳಾಕೆ ಬಂದಿದ್ರು, ಬಾಯಿ ಬರ್ಲಿಲ್ಲ. ನಾನು ಡಬ್ಬ ಕೇಳಿದೆ.”

“ಮತ್ತೆ ದೀಪ?”

“ದೀಪ ಅವರೇ ಹಾಕಿಸ್ಲಿ ಬಿಡು. ಗಂಡಸರು ಬಂದಿದ್ರೆ ಮೂರು ಸಲ ಓಡಾಡಿಸಬೌದಿತ್ತು. ಮನೆ ಯಜಮಾನತೀನೇ ಬಂದಾರೆ. ಒಂದೇ ಸಲಕ್ಕೆ ಹೂಂ ಅನ್ನಬೇಕು.”

ಹೀಗೆ ಅಂದು ಮಧ್ಯಾಹ್ನ, ಅಂಗಿ ಬದಲಿಸಿ, ಟೋಪಿ ಹಾಕಿಕೊಂಡು, ಸುಬಾನಸಾಬ ಕಚೇರಿಗೆ ಹೋಗಿ ತನ್ನ ಅರ್ಜಿಯನ್ನು ಹಿಂದೆ ತೆಗೆದುಕೊಂಡ. ಹಾರ ಇಲ್ಲ, ಮೆರವಣಿಗೆ ಇಲ್ಲ. ಆದರೆ ಸುದ್ದಿ ಅವನಿಗಿಂತ ಮುಂಚೆ ರಂಗಣ್ಣನ ಹೋಟೆಲು ಮುಟ್ಟಿತ್ತು. ಗೆಲ್ಲುವುದು ಗ್ಯಾರಂಟಿ ಇದ್ದವನು, ಒಂದು ತಟ್ಟೆ ಬಾಳೆಹಣ್ಣಿನ ಮರ್ಯಾದೆಗೆ ಬಿಟ್ಟುಕೊಟ್ಟ ಎಂದು ಕೇಳಿದವರೆಲ್ಲ ಬೆರಗಾದರು. ಯಾರೋ ಹಾರ ತಂದರು. ಯಾರೋ ತಮಟೆಯವನನ್ನು ಕರೆದರು.

ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಉಚ್ಚಂಗೆಪ್ಪನವರು ಜಗಲಿಯ ಮೇಲೆ ಕಂಬಕ್ಕೊರಗಿದ್ದರು. ಪೇಟೆ ಬೀದಿಯ ಆ ತುದಿಯಿಂದ ತಮಟೆ ಸದ್ದು ಕೇಳಿತು. ಹಾರ ಕಾಣಿಸಿತು. ಜನ ಕಂಡರು, ಮೊದಲ ಮೂರು ಸಲಕ್ಕಿಂತ ಹೆಚ್ಚು ಜನ. ಅವರು ತಟ್ಟನೆ ಎದ್ದು ಒಳಗೆ ಓಡಿ ರುಮಾಲು ಸುತ್ತಿ, ಕೋಟಿನ ಗುಂಡಿ ಹಾಕುತ್ತ ಹೊರಗೆ ಬಂದರು. ಮುಖದ ಮೇಲೆ ಒಲ್ಲೆನೆಂಬ ಭಾವವನ್ನೂ ತಂದುಕೊಂಡಾಗಿತ್ತು.

ಜನ ಬಂದು ನಿಂತರು. ಹಾರ ಸುಬಾನಸಾಬನ ಕೊರಳಲ್ಲೇ ಇತ್ತು. ಅವನು ಎರಡು ಕೈ ಜೋಡಿಸಿ, “ನಿಮ್ಮನೇರ ಮಾತು ನಡೆಸಿದೀನ್ರೀ. ನಾನು ಬಿಟ್ಟೆ. ಇನ್ನು ವಾರ್ಡಿಗೆ ನೀವೇ ಮೆಂಬರು” ಎಂದ.

ಉಚ್ಚಂಗೆಪ್ಪನವರು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದರು. ಸರ್ವಮಂಗಳಮ್ಮ ಅವರ ಕಣ್ಣು ತಪ್ಪಿಸಿ, ಜನರ ನಡುವೆ ತಾಜ್‌ಬೀ ವಾಪಸು ತಂದಿದ್ದ ತನ್ನ ಹಿತ್ತಾಳೆ ತಟ್ಟೆಯನ್ನು ನೋಡುತ್ತಿದ್ದಳು. ತಟ್ಟೆಯನ್ನು ಖಾಲಿ ಕೊಡಬಾರದೆಂದು ತಾಜ್‌ಬೀ ಅದರಲ್ಲಿ ಕೊಬ್ಬರಿ ಸಕ್ಕರೆ ಹಾಕಿದ್ದಳು.

“ಈಗ ನಾನೂ ಹಿಂದೆ ತಗಂಡ್ರೆ?” ಎಂದರು ಉಚ್ಚಂಗೆಪ್ಪನವರು, ಹತ್ತಿರವಿದ್ದ ರಂಗಣ್ಣನ ಕಿವಿಯಲ್ಲಿ.

“ಬಾಗಿಲು ಹಾಕ್ಯಾರ್ರೀ” ಎಂದ ರಂಗಣ್ಣ. “ಇನ್ನು ವಿತ್‌ಡ್ರಾ ಇಲ್ಲ. ಬಜ್ಜಿ ಐತೇನು?”

ಬಜ್ಜಿ ಇತ್ತು. ಉಚ್ಚಂಗೆಪ್ಪನವರ ಭಾಷಣ ಇರಲಿಲ್ಲ. ಅದನ್ನು ಸುಬಾನಸಾಬ ಮಾಡಿದ. ಎರಡೇ ಮಾತು: ತಿರುವಿಗೆ ದೀಪ ಹಾಕಿಸಿಕೊಡಬೇಕು, ಆಮೇಲೆ ಹತ್ತು ವರ್ಷದಿಂದ ಸಾವ್ಕಾರ್ರು ಹೇಳುತ್ತಿರುವ ಸೂಳೆಕೆರೆ ನೀರು. ಜನ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಮುಂದೆ ಉಚ್ಚಂಗೆಪ್ಪನವರು ಜೀವನವೆಲ್ಲ ಬಯಸಿದ್ದು ಅವರಿಗೆ ಸಿಕ್ಕಿತು. ದಿನಾ ಬೆಳಗಾದರೆ ಜಗಲಿಯ ಮೇಲೆ ಜನ, ಕೈ ಮುಗಿದುಕೊಂಡು. ಆದರೆ ಅವರು ಕೇಳುತ್ತಿದ್ದದ್ದು ಚರಂಡಿ, ಕಕ್ಕಸು, ಬೀದಿನಾಯಿ, ಬಾವಿಗೆ ಬಿದ್ದ ಕೊಡ. ಕರಿಯಕ್ಕ ಎಂಬ ಮುದುಕಿ ಖಾಲಿ ಬಿಂದಿಗೆ ತಂದು ಮುಂದೆ ಇಟ್ಟು, “ಸೂಳೆಕೆರೆ ನೀರು ಯಾವಾಗ ಬರ್ತೈತಪ್ಪಾ? ನಾನು ಇರಾದ್ರೊಳಗೆ ಬರ್ತೈತಾ?” ಎಂದು ವಾರಕ್ಕೊಮ್ಮೆ ಕೇಳುತ್ತಿದ್ದಳು. ಮುನಿಸಿಪಾಲಿಟಿ ಸಭೆಯಲ್ಲಿ ಅವರು ಬಿಡಿಸಿಕೊಳ್ಳುವ ದಾರಿಯೊಂದನ್ನು ವಿಚಾರಿಸಿದರು. ರಾಜೀನಾಮೆ ಕೊಡಬಹುದು ಎಂದು ಯಾರೋ ಹೇಳಿದರು. ರಾಜೀನಾಮೆ ಎಂದರೆ ಗುಮಾಸ್ತರು ಕೊಡುವುದು ಎಂದು ಅವರು ಮುಖ ತಿರುಗಿಸಿದರು. ಕೊಡಬೇಡಿ ಎಂದು ಕೇಳಲು ಯಾರೂ ಬರುವುದಿಲ್ಲವೆಂಬ ಭಯವೂ ಒಳಗೆ ಇತ್ತು.

ಇನ್ನೊಂದು ನೋವು ಅವರು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಊರವರು ಈಗ ಅವರನ್ನು ‘ಮೆಂಬರ್ ಉಚ್ಚಂಗೆಪ್ಪ’ ಎನ್ನತೊಡಗಿದ್ದರು. ಬಾವಿ ಓಣಿಯ ದಾರಿ ಕೇಳಿದವರಿಗೆ ‘ವಿತ್‌ಡ್ರಾ ಸಾಬ್ರ ಅಂಗಡಿ ಪಕ್ಕ’ ಎಂದು ಹೇಳುತ್ತಿದ್ದರು. ಸವಳಂಗದಿಂದ ಇಬ್ಬರು ಹಿರಿಯರು ದಾಯಾದಿ ಜಗಳವೊಂದನ್ನು ತೀರಿಸಿಕೊಡಿ ಎಂದು ಸುಬಾನಸಾಬನನ್ನು ಹುಡುಕಿಕೊಂಡು ಬಂದರಂತೆ.

ಜನ ಬರುವ ಹೊತ್ತಿಗೆ ಉಚ್ಚಂಗೆಪ್ಪನವರು ಹಿತ್ತಲ ಬಾಗಿಲಿಂದ ಹೊರಡುವ ಪದ್ಧತಿ ಇಟ್ಟುಕೊಂಡರು. ಒಂದು ಮುಚ್ಚಂಜೆ ಸುಬಾನಸಾಬ ದೀಪದ ವಿಷಯ ಜ್ಞಾಪಿಸಲು ಜಗಲಿ ಹತ್ತಿದ್ದನ್ನು ಕಂಡವರೇ, ಕೈಗೆ ತಂಬಿಗೆ ತೆಗೆದುಕೊಂಡು ಹಿಂದಿನಿಂದ ಜಾರಿದರು.

“ಸಾವ್ಕಾರ್ರು ಅದಾರೇನ್ರೀ?” ಎಂದ ಸುಬಾನಸಾಬ.

ಸರ್ವಮಂಗಳಮ್ಮ ಗಜಕೋಲು ಕೆಳಗಿಟ್ಟಳು. “ಈಗ ತಾನೇ ರಿಟ್ರೀಟ್ ಆದ್ರು. ಹಿಂದಿನ ದಾರಿ ಹಿಡಿದ್ರೆ ಬಾವಿ ತಿರುವಿನಾಗೇ ಬರಬೇಕು. ನಡೀರಿ, ಅಲ್ಲೇ ಸಿಗ್ತಾರೆ.”

ಇಬ್ಬರೂ ಲಾಟೀನು ಹಿಡಿದು ಹೋದರು. ಹುಡುಕುವ ಕೆಲಸವೇ ಬೀಳಲಿಲ್ಲ. ತಿರುವಿನ ಕತ್ತಲಿನಿಂದ ಮೊದಲು ತಂಬಿಗೆಯ ಸದ್ದು ಕೇಳಿತು, ಆಮೇಲೆ ಮೆಂಬರರ ಸದ್ದು. ದುರುಗಕ್ಕ ಬಿದ್ದ ಚರಂಡಿಯಲ್ಲೇ, ಅವಳು ಬಿದ್ದ ಜಾಗದಲ್ಲೇ, ಉಚ್ಚಂಗೆಪ್ಪನವರು ಸೊಂಟದವರೆಗೆ ಇಳಿದು ನಿಂತಿದ್ದರು. ಸುಬಾನಸಾಬ ಕೈ ಚಾಚಿದ. ಅಮಲ್ದಾರರು ಕುಲುಕಿದ ಕೈಯನ್ನು ಅವರು ಚಾಚಿ, ಮೇಲೆ ಬಂದರು.

ಬೇರೆ ಯಾವ ಅರ್ಜಿಯೂ ಆ ಮುನಿಸಿಪಾಲಿಟಿಯಲ್ಲಿ ಅಷ್ಟು ಬೇಗ ಮಂಜೂರಾದದ್ದಿಲ್ಲ. ಕಂಬ ಬಂತು, ದೀಪದ ಗೂಡನ್ನು ಸುಬಾನಸಾಬನೇ ಮಾಡಿಕೊಟ್ಟ. ಉಚ್ಚಂಗೆಪ್ಪನವರ ಅಟ್ಟದ ಹಳೇ ಡಬ್ಬದ ತಗಡಿನಲ್ಲಿ. ದೀಪ ಹಚ್ಚಿದ ಸಂಜೆ ಉಚ್ಚಂಗೆಪ್ಪನವರು ಅದರ ಕೆಳಗೆ ನಿಂತು, ಖುದ್ದಾಗಿ ಸ್ಥಳ ಪರಿಶೀಲನೆ ಮಾಡಿ ಇದನ್ನು ಹಾಕಿಸಿದ್ದೇನೆ ಎಂದು ಭಾಷಣ ಮಾಡಿದರು.

“ಪರಿಶೀಲನೆ ಮಾಡಿದ ಪಂಚೆ ಇನ್ನೂ ವಾಸನೆ ಹೊಡೀತೈತೆ” ಎಂದಳು ಸರ್ವಮಂಗಳಮ್ಮ, ಪಕ್ಕದಲ್ಲಿ ಕೊಡ ಇಳಿಸಿ ನಿಂತಿದ್ದ ತಾಜ್‌ಬೀಗೆ.